ನೂರಾ ಹನ್ನೆರಡನೆಯ ಪುಟ

“ಏನ್ರೀ, ಬೋಳು ತಲೆ ಇದೇ ಮೊದಲ ಸಲ ನೋಡ್ತಿದೀರಾ?”

ಕೀಮೋ ವಾರ್ಡಿನ ಕಿಟಕಿ ಪಕ್ಕದ ಕುರ್ಚಿಯಿಂದ ವಿಜ್ಞಾನದ ಟೀಚರ್ ಕೇಳಿದ ಈ ಪ್ರಶ್ನೆಗೆ ಎದುರಿದ್ದವನು ತಬ್ಬಿಬ್ಬಾದ. ಅವನ ಪಕ್ಕದಲ್ಲಿ ಒಬ್ಬ ಹೆಂಗಸು ಡ್ರಿಪ್ ಹಾಕಿಸಿಕೊಂಡು ಒರಗಿದ್ದರು. ಹೆಂಡತಿಯನ್ನು ಪಕ್ಕದಲ್ಲಿಟ್ಟುಕೊಂಡು ನನ್ನನ್ನು ನೋಡುತ್ತಾನಲ್ಲ ಎಂದು ಟೀಚರ್‌ಗೆ ಮೈಯೆಲ್ಲ ಉರಿದಿತ್ತು.

“ತಲೆ ಅಲ್ಲ ಮೇಡಂ, ಪುಸ್ತಕ. ನೀರಿನ ಕ್ಯಾನು ನಿಮ್ಮ ಹಿಂದೇನೇ ಇದೆ. ಬಾಟ್ಲಿ ತುಂಬಿಸೋಕೆ ಬಂದಾಗೆಲ್ಲ ಕಣ್ಣು ಬೀಳುತ್ತೆ. ಮೂರು ಸಲದಿಂದ ನೂರಾ ಹನ್ನೆರಡನೇ ಪುಟದಲ್ಲೇ ಇದೀರಾ. ಅಂಥಾದ್ದೇನಿದೆ ಅದ್ರಲ್ಲಿ?”

ಹೆಂಗಸು ಕಣ್ಣು ಮುಚ್ಚಿಕೊಂಡೇ ನಕ್ಕರು. “ನನ್ನ ತಮ್ಮ ಕಣಮ್ಮ. ಲಿಫ್ಟ್ ಮೆಕ್ಯಾನಿಕ್ಕು. ಇನ್ನೊಬ್ಬರ ಪುಸ್ತಕ ಇಣುಕೋದು ಚಿಕ್ಕಂದಿನ ಚಾಳಿ.”

ಟೀಚರ್ ಮುಖ ಕೆಂಪಾಯಿತು. ಅದು ಪತ್ತೇದಾರಿ ಕಾದಂಬರಿ. ಅವಳಿಗೆ ಆರರಲ್ಲಿ ನಾಲ್ಕನೆಯ ಕೀಮೋ ಅಂದು. ಔಷಧಿ ಶುರುವಾದಾಗಿನಿಂದ ಒಂದು ಸಾಲು ಓದಿ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಹಿಂದಿನದು ಮರೆತುಹೋಗುತ್ತಿತ್ತು. ಇದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ. ಅವನಿಗೆ ಯಾಕೆ ಹೇಳಿದಳೋ ಗೊತ್ತಿಲ್ಲ.

“ಕೊಡಿ ಇಲ್ಲಿ,” ಎಂದು ಅವನು ಸ್ಟೂಲು ಎಳೆದುಕೊಂಡು ಬಂದ.

ಓದುವಾಗ ಅವನು ಪೊಲೀಸರಿಗೊಂದು ದನಿ, ಕೊಲೆಗಾರನಿಗೊಂದು ದನಿ ಮಾಡುತ್ತಿದ್ದ. ವಿಧವೆಯ ದನಿಗೆ ನರ್ಸ್ ಕೂಡ ನಿಂತು ನಕ್ಕಳು. “ಮನೇಲಿ ಔಷಧಿ ಚೀಟಿ ಓದು ಅಂದ್ರೆ ಕನ್ನಡಕ ಇಲ್ಲ ಅಂತಾನೆ,” ಎಂದರು ಅಕ್ಕ.

ಮೂರು ವಾರ ಕಳೆದು ಐದನೆಯ ಸಲ ಬಂದಾಗ ಪುಸ್ತಕ ಮುಗಿಯಿತು. ಕೊಲೆಗಾರ ಯಾರೆಂಬುದಕ್ಕಿಂತ ಓದುತ್ತಿರುವವನ ಬಗ್ಗೆಯೇ ಅವಳಿಗೆ ಹೆಚ್ಚು ಕುತೂಹಲವಾಗಿತ್ತು. ಎಡ ಹುಬ್ಬಿನ ಮೇಲೆ ಗಾಯದ ಗುರುತು ಹೇಗಾಯಿತು? ಉಗುರಿನ ಸಂದಿಯ ಗ್ರೀಸು ಯಾವುದರಲ್ಲಿ ಹೋಗುತ್ತದೆ? ಎಲ್ಲವನ್ನೂ ಕೇಳಿಯೇಬಿಟ್ಟಳು. ಅಕ್ಕ ಅವಳಿಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟರು.

“ಲಿಫ್ಟ್ ನಿಂತ್ಹೋದಾಗ ಒಳಗಿರೋರು ಮೊದಲು ಏನು ಕೇಳ್ತಾರೆ?”

ಅವನು ಯೋಚಿಸಿದ. “ಯಾವಾಗ ಸರಿಹೋಗುತ್ತೆ ಅಂತ ಕೇಳ್ತಾರೆ ಅಂದ್ಕೊಂಡಿದ್ದೆ ನಾನೂ. ಇಲ್ಲ. ‘ನೀವು ಹೊರಗಡೇನೇ ಇದೀರಾ?’ ಅಂತಾರೆ.”

ಅಕ್ಕನಿಗೆ ಅದೇ ಕೊನೆಯ ಕೀಮೋ. ಹೊರಡುವಾಗ ಅವರು ಟೀಚರ್ ಕೆನ್ನೆ ಸವರಿ ಹೋದರು. ಅವನು ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದ.

ಆರನೆಯ ಕೀಮೋದ ದಿನ ಎದುರಿನ ಕುರ್ಚಿಯಲ್ಲಿ ಯಾರೋ ತಾತ ನಿದ್ದೆ ಮಾಡುತ್ತಿದ್ದರು. ಕೊನೆಯ ದಿನ ಖುಷಿಯಾಗಿರಬೇಕಲ್ಲವೇ? ಆದರೆ ಅವಳ ಕಣ್ಣು ಬಾಗಿಲಿಗೇ ಅಂಟಿತ್ತು. ಡ್ರಿಪ್ ಬಾಟಲಿ ಅರ್ಧ ಖಾಲಿಯಾದ ಮೇಲೆ ಅವನು ಕೆಲಸದ ಯೂನಿಫಾರ್ಮಿನಲ್ಲೇ ಬಂದ.

“ಅಕ್ಕ ಹೇಗಿದಾರೆ?”

“ಊಟಕ್ಕೆ ಉಪ್ಪು ಕಮ್ಮಿ ಅಂತ ಬೈತಿದಾಳೆ. ಅಂದ್ರೆ ಚೆನ್ನಾಗಿದಾಳೆ.”

“ಮತ್ತೆ ಇಲ್ಲಿ ನಿಮಗೇನು ಕೆಲಸ?”

“ನಿಮ್ಮನ್ನ ನೋಡೋದು.”

ಅವಳು ಅಂದು ಹಾಕಿಕೊಂಡು ಬಂದಿದ್ದ ಟೋಪಿಯ ಅಂಚು ಎಳೆದುಕೊಂಡಳು. “ಕನಿಕರ ಆದ್ರೆ ಬೇಡ ರೀ.”

“ಕನಿಕರ ಇರೋರು ಹಣ್ಣು ತರ್ತಾರೆ. ನಾನು ಬರಿಗೈಲಿ ಬಂದಿದೀನಿ ನೋಡಿ.”

ನಗು ಬಂತು, ಅದರ ಹಿಂದೆಯೇ ಭಯವೂ ಬಂತು. “ಮುಂದಿನ ತಿಂಗಳು ಸ್ಕ್ಯಾನ್ ಇದೆ. ಅದ್ರಲ್ಲಿ ಇನ್ನೂ ಇದೆ ಅಂತ ಬಂದ್ರೆ?”

“ಗೊತ್ತಿಲ್ಲ. ನಂಗೂ ಹೆದರಿಕೆ ಆಗುತ್ತೆ.” ಅವನು ಸ್ಟೂಲಿನ ಅಂಚಿಗೆ ಸರಿದ. “ಆದ್ರೆ ರಿಪೋರ್ಟ್ ಬರಲಿ, ಆಮೇಲೆ ಹೇಳೋಣ ಅಂದ್ರೆ, ಅದು ವ್ಯಾಪಾರ ಆಗುತ್ತೆ. ಅದಕ್ಕೇ ಇವತ್ತೇ ಹೇಳ್ತಿದೀನಿ. ನೀವಂದ್ರೆ ನಂಗಿಷ್ಟ. ಉತ್ತರ ಈಗಲೇ ಬೇಕಿಲ್ಲ.”

ಅವನ ಕೈ ಅವಳ ಬೆರಳುಗಳ ಮೇಲೆ ಬಂದು ಕೂತಿತು. ಅವಳು ಬಗ್ಗಿ ಅದನ್ನೇ ನೋಡಿದಳು.

“ನಿಮ್ಮ ಕೈ ಬೆಚ್ಚಗಿದೆಯಾ, ತಣ್ಣಗಿದೆಯಾ? ಔಷಧಿಗೆ ಬೆರಳೆಲ್ಲ ಮರಗಟ್ಟಿಹೋಗಿದೆ. ಏನೂ ಗೊತ್ತಾಗ್ತಿಲ್ಲ.”

“ಬೆವರ್ತಾ ಇದೆ,” ಎಂದು ಅವನು ಒಪ್ಪಿಕೊಂಡ.

ಅವಳು ಇನ್ನೊಂದು ಕೈಯಿಂದ ಅವನ ಕೈಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿ, ತನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು.

“ಇಲ್ಲಿ ಹಿಡ್ಕೊಳ್ಳಿ. ಇಲ್ಲಿ ಗೊತ್ತಾಗುತ್ತೆ.”