ಮುಂಜಾನೆಯಷ್ಟೇ ಉಲ್ಟಾ ಓಡುವ ರಾಟಿ

ನೇಕಾರ ಅಮಾತೆಪ್ಪನವರ ಚೀರಾಟ ಕೇಳಿ ಪಕ್ಕದ ಮನೆಯಿಂದ ಓಡಿಬಂದೆ. ನೂಲು ಸುತ್ತುವ ರಾಟಿ ಹುಚ್ಚು ಹಿಡಿದಂತೆ ಉಲ್ಟಾ ತಿರುಗುತ್ತಿತ್ತು. ಸಡಿಲಾದ ರೇಷ್ಮೆ ಎಳೆ ಅವರ ತೋರುಬೆರಳಿಗೆ ಸುತ್ತಿಕೊಂಡು ಎಲುಬಿನವರೆಗೆ ಇಳಿದಿತ್ತು. ಸೊಸೆ ಮಹೇಶ್ವರಿ ವೈರು ಕಿತ್ತಳು. ದಿಕ್ಕು ಬದಲಿಸುವ ಗುಂಡಿಯನ್ನು ಯಾರೂ ಒತ್ತಿರಲಿಲ್ಲ.

ಆ ರಾಟಿಗೆ ಮೋಟಾರು ಕೂಡಿಸಿದವಳು ಮಹೇಶ್ವರಿಯೇ. ಡಿಪ್ಲೊಮಾ ಓದಿದವಳು. ಡಬ್ಬಿಯೊಳಗೆ ಮೋಟಾರನ್ನು ನಡೆಸುವ ಮೈಕ್ರೊಕಂಟ್ರೋಲರ್; ಮೇಲೆ ವೇಗಕ್ಕೊಂದು ತಿರುವುವ ನಾಬು, ದಿಕ್ಕಿಗೊಂದು ಒತ್ತುವ ಗುಂಡಿ. ಕೂಡಿಸಿ ವಾರವಾಗಿತ್ತು, ಹೀಗೆ ಉಲ್ಟಾ ಓಡಿದ್ದು ಇದು ಮೂರನೇ ಸಲ.

"ಸೊಸಿ ನನ್ನ ಕೊಲ್ಲಾಕ ಇದನ್ನ ಮಾಡ್ಯಾಳ," ಎಂದರು ದವಾಖಾನೆಯಿಂದ ಬಂದ ಅಮಾತೆಪ್ಪನವರು. "ನಾಳೆ ಗುಡೂರಿನ ಬಸ್ ಹತ್ತಸ್ತೇನಿ. ತವರಮನ್ಯಾಗ ಇರ್ಲಿ."

"ಕಲ್ಲೇಶಣ್ಣ, ನಾ ಏನೂ ಮಾಡಿಲ್ರಿ," ಮಹೇಶ್ವರಿ ನನ್ನತ್ತ ತಿರುಗಿದಳು. "ತಿಳದವರನ್ನ ಯಾರರೇ ಕರಕೊಂಡ ಬರ್ರಿ."

ಇಳಕಲ್ಲಿನಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಮತೀನ ಸಾಹೇಬರನ್ನು ಕರೆತಂದೆ. ಮಧ್ಯಾಹ್ನ ಎರಡು ತಾಸು ಓಡಿಸಿದರು. ರಾಟಿ ಆಕಳಿನಷ್ಟು ಸಾಧುವಾಗಿ ತಿರುಗಿತು. ನನಗೆ ಇನ್ನಷ್ಟು ಭಯವಾಯಿತು — ದೆವ್ವವೂ ಹೀಗೇ ಅಲ್ಲವೆ, ಮಂದಿ ಬಂದಾಗ ಸುಮ್ಮನಿರುವುದು?

"ಮೂರೂ ಸಲ ಯಾವಾಗ ಆತು?" ಎಂದು ಸಾಹೇಬರು ಕೇಳಿದರು.

"ಮುಂಜಾನೆ ರೀ. ಪೂಜಿ ಮುಗದ ಕೂಡ್ಲೆ," ಎಂದಳು ಮಹೇಶ್ವರಿ.

"ಡಬ್ಬಿ ಯಾರ್ ಮುಟ್ಟತಾರ?"

"ನಾ ಒಬ್ಬಾಕಿನೇ."

ಅತ್ತೆ ಶಿವಲಿಂಗವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಸಾಹೇಬರು ಗುಂಡಿಯ ಬುಡವನ್ನು ಬೆರಳಿನಿಂದ ಒರೆಸಿ ನೋಡಿಕೊಂಡರು.

"ನಾಳೆ ಮುಂಜಾನೆ ದಿನಾ ಮಾಡಿದಂಗ ಮಾಡ್ರಿ. ರಾಟಿ ಹತ್ರ ಮಾತ್ರ ಯಾರೂ ಕುಂದರಬ್ಯಾಡ್ರಿ."

ಮರುದಿನ ಮಹೇಶ್ವರಿಯ ಚೀಲ ಹೊಸ್ತಿಲ ಮೇಲಿತ್ತು. ಪೂಜೆ ಮುಗಿಸಿದ ಶಿವಲಿಂಗವ್ವ, ನೀರು ಸೋರುವ ಬೆರಳಿಗೆ ವಿಭೂತಿ ಉಜ್ಜಿ ಮಗ್ಗಕ್ಕೆ, ರಾಟಿಗೆ, ಡಬ್ಬಿಗೆ ಮೂರು ಎಳೆ ಹಚ್ಚಿದರು. ನಾನು ಕೈ ಮುಗಿದೆ. ಸಾಹೇಬರು ಕರೆಂಟು ಕೊಟ್ಟರು.

ಮೋಟಾರು ಕಿರುಚಿತು — ಉಲ್ಟಾ, ಪೂರ್ತಿ ವೇಗದಲ್ಲಿ. ನಾನು ಗೋಡೆಗೆ ಆತುಕೊಂಡೆ.

ಸಾಹೇಬರು ಕರೆಂಟು ತೆಗೆದು ಡಬ್ಬಿ ಬಿಚ್ಚಿದರು. ಒಳಗೆ ಹಸಿ ಬೂದಿ.

"ಹಸಿ ವಿಭೂತ್ಯಾಗ ಕರೆಂಟ್ ಹರೀತೈತಿ. ಗುಂಡಿ ಸಂದಿಂದ ಇಳದು ತಂತಿ ಕೂಡಸ್ತೈತಿ. ಯಾರೋ ಗುಂಡಿ ಒತ್ಯಾರ ಅಂತ ತಿಳಕೊಂಡು ಕಂಟ್ರೋಲರ್ ದಿಕ್ಕು ಬದಲಸ್ತೈತಿ. ನಾಬಿನ ತಂತಿಗೆ ಹತ್ತಿದ್ರ ವೇಗ ಏರ್ತೈತಿ. ಮಧ್ಯಾಹ್ನ ಒಣಗಿದ್ರ ಸುಮ್ನಾಗ್ತೈತಿ. ಅಮಾತೆಪ್ಪನವರ, ಸೊಸಿ ಅಲ್ರಿ. ನಿಮ್ಮ ಮನಿಯವರ ಕೈ ಇದು."

"ವಿಭೂತಿ ಹಚ್ಚೋದನ್ನ ಮುಟ್ಟೋದು ಅಂತ ನಾ ಲೆಕ್ಕಕ್ಕ ಹಿಡೀಲಿಲ್ರಿ," ಎಂದಳು ಮಹೇಶ್ವರಿ. ನಾನೂ ಹಿಡಿದಿರಲಿಲ್ಲ, ಕೈ ಮುಗಿದು ಸುಮ್ಮನಾಗಿದ್ದೆ.

ಶಿವಲಿಂಗವ್ವ ಕುಸಿದು ಕುಳಿತರು. "ಮೊದಲ ದಿನ ಅದು ತಾನ ಓಡಿದ್ದು ನೋಡಿ ಅಂಜಿದೆ, ಯಪ್ಪಾ. ಅಂಜಿದಷ್ಟೂ ವಿಭೂತಿ ಜಾಸ್ತಿ ಹಚ್ಚಿದೆ."

ಅಮಾತೆಪ್ಪನವರು ಬೆರಳಿನ ಪಟ್ಟಿಯನ್ನೇ ನೋಡುತ್ತ ತಲೆ ತಗ್ಗಿಸಿದರು.

ಶಿವಲಿಂಗವ್ವ ಎದ್ದು ಸೊಸೆಯತ್ತ ಕೈ ಎತ್ತಿದರು. ಹೊಡೆಯುತ್ತಾರೆಂದು ಮಹೇಶ್ವರಿ ಕಣ್ಣು ಮುಚ್ಚಿ ಹಿಂದೆ ಸರಿದಳು. ಅತ್ತೆ ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಅವಳ ಹಣೆಗೆ ಹಚ್ಚಿದರು. ಆಮೇಲೆ ಹೊಸ್ತಿಲ ಮೇಲಿನ ಚೀಲ ಎತ್ತಿಕೊಂಡು ಒಳಗೆ ಹೋದರು.