ಕೋಬಾಲ್ ಮೇಷ್ಟ್ರ ಮುಯ್ಯಾಳು

"ಜಾವಾ ಕಲೀಬೇಕು ಅಂತ ನಿಂಗೆ ಯಾರು ಹೇಳಿದ್ದು?"

ಕೊಪ್ಪ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿನ ಕಂಪ್ಯೂಟರ್ ಸೆಂಟರಿನಲ್ಲಿ ಮೇಷ್ಟ್ರು ಸತೀಶ ತಲೆ ಎತ್ತದೆ ಕೇಳಿದ. ಆಮೇಲೆ ಎತ್ತಿದ. ಎತ್ತಿದ್ದನ್ನು ಇಳಿಸಲು ಮರೆತ.

ಎದುರಿಗೆ ನಿಂತ ಚೇತನಾಗೆ ಕಿವಿ ಬಿಸಿಯಾಯಿತು. 'ಅಯ್ಯೋ, ಹಿಂಗೆ ನೋಡ್ತಾರಲ್ಲ...'

ಆ ಕಂಪ್ಯೂಟರ್ ಭಾಷೆ ಬಂದರೆ ಕೆಲಸ ಸಿಗುತ್ತದೆ ಎಂದು ಪೇಪರಿನಲ್ಲಿ ಓದಿದೆ ಎಂದಳು. ಜಾವಾ ಎಂದಿದ್ದಕ್ಕೆ ಅವಳ ಅವ್ವ ಕಮಲಕ್ಕ, ಹೆಣ್ಣು ಹುಡುಗಿಗೆ ಮೋಟಾರ್ ಬೈಕ್ ಎಂತಕ್ಕೆ ಎಂದು ಬೈದಿದ್ದಳು. ಶೃಂಗೇರಿ ಆಚೆಯ ನೆಮ್ಮಾರಿನ ಕಾಫಿ ತೋಟದಲ್ಲಿ ಕೂಲಿ ಮಾಡುವ ಅವ್ವ ಕಲಿಯಲು ಕೊಟ್ಟಿದ್ದು ಒಂದೇ ವರ್ಷ. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಮಗಳೂ ಸೊಂಟಕ್ಕೆ ಬುಟ್ಟಿ ಕಟ್ಟಬೇಕು.

"ಮೊದ್ಲು ಕೋಬಾಲ್ ಕಲಿ. ಅದು ಅಡಿಪಾಯ. ಅದಿಲ್ದೆ ಜಾವಾ ನಿಲ್ಲೂದಿಲ್ಲ" ಎಂದ ಸತೀಶ.

ಇದು 2001ರ ಮಾತು. ಇಸವಿ ಎರಡು ಸಾವಿರ ಹುಟ್ಟುತ್ತಲೇ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ, ರಿಪೇರಿಗೆ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಬಲ್ಲವರೇ ಬೇಕು ಎಂದು ನಂಬಿ ಅದನ್ನು ಕಲಿತವರಲ್ಲಿ ಸತೀಶನೂ ಒಬ್ಬ. ಕಂಪ್ಯೂಟರುಗಳು ಕೆಡಲಿಲ್ಲ. ಸತೀಶ ಕೆಟ್ಟ.

ಬ್ಯಾಚಿಗೆ ಚೇತನಾ ಒಬ್ಬಳೇ. ಎಷ್ಟು ಕಷ್ಟದ ವಿದ್ಯೆ ಇರಬೇಕು, ಬೇರೆ ಯಾರಿಗೂ ಧೈರ್ಯವಿಲ್ಲ ಎಂದುಕೊಂಡಳು ಪಾಪದ ಹುಡುಗಿ!

ಕರೆಂಟು ಹೋದಾಗ ಅವನು ಕಿಟಕಿ ಪಕ್ಕ ಕೂರಿಸಿ ಹಾಳೆಯ ಮೇಲೆ ಪ್ರೋಗ್ರಾಂ ಬರೆಸುತ್ತಿದ್ದ. ಕೊಪ್ಪದಲ್ಲಿ ಕರೆಂಟು ಇರುತ್ತಿದ್ದುದೇ ಕಡಿಮೆ, ಹಾಗಾಗಿ ಪ್ರೇಮ ಬೇಗ ಬೆಳೆಯಿತು. ಕೋಬಾಲಿನಲ್ಲಿ ವಾಕ್ಯದ ಕೊನೆಗೆ ಒಂದು ಚುಕ್ಕೆ ಸಾಕು. ಪ್ರೇಮಕ್ಕೆ ಮೂರಾದರೂ ಬೇಕು...

ವರ್ಷ ಮುಗಿಯುವ ಹೊತ್ತಿಗೆ ಶಿವಮೊಗ್ಗದಲ್ಲಿ ಸಂದರ್ಶನ. ಆಫೀಸಿನವನು ಅವಳ ಅರ್ಜಿ ನೋಡಿ ಪಕ್ಕದವನಿಗೆ ದಾಟಿಸಿದ. ಅವನು ನಕ್ಕ. ಕೋಬಾಲ್ ಸತ್ತು ಎರಡು ವರ್ಷವಾಯಿತಲ್ಲಮ್ಮ, ತಿಥಿ ಊಟಕ್ಕೆ ಬಂದಿದ್ದೀಯಾ ಎಂದು ಕೇಳಿದ. ಜಾವಾಕ್ಕೂ ಕೋಬಾಲಿಗೂ ಸಂಬಂಧವೇ ಇಲ್ಲ ಎಂಬುದನ್ನೂ ಅವನೇ ತಿಳಿಸಿದ, ಹೊರಗೆ ಬೆಂಚಿನಲ್ಲಿ ಕೂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಕೊಪ್ಪದಲ್ಲಿ ಬಸ್ಸಿಳಿದವಳೇ ಸೆಂಟರಿನ ಮೆಟ್ಟಿಲು ಹತ್ತಿದಳು.

"ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿತ್ತು." ಸತೀಶನ ದನಿ ಬಿದ್ದುಹೋಗಿತ್ತು. "ಜಾವಾ ನಂಗೇ ಬರೂದಿಲ್ಲ ಚೇತನಾ. ಹೇಳಿದ್ರೆ ನೀನು ಅದನ್ನ ಕಲಿಸೋ ಎನ್.ಆರ್.ಪುರದ ಸೆಂಟರಿಗೆ ಹೋಗ್ತಿದ್ದೆ."

"ಹೆದ್ರಿದ್ದು ಕೆಲ್ಸ ಹೋಗ್ತದೆ ಅಂತನಾ, ನಾನು ಹೋಗ್ತೀನಿ ಅಂತನಾ?"

"ಎರಡೂ."

'ಒಂದು ಸುಳ್ಳು ಹೇಳಬಹುದಿತ್ತಲ್ಲ! ವರ್ಷವಿಡೀ ಹೇಳಿದವರಿಗೆ ಇದೊಂದು ಭಾರವಾಯಿತೇ...' ಅವಳು ಅಲ್ಲಿ ಅಳಲಿಲ್ಲ. ಬಸ್ಸಿನಲ್ಲಿ ಅತ್ತಳು, ಶೃಂಗೇರಿಯವರೆಗೂ.

ಭಾನುವಾರ ಸತೀಶ ನೆಮ್ಮಾರಿಗೆ ಬಂದ. ತಪ್ಪು ನನ್ನದು, ಅವಳಿಗೆ ಇನ್ನೊಂದು ವರ್ಷ ಕೊಡಿ ಎಂದು ಕಮಲಕ್ಕನ ಮುಂದೆ ನಿಂತ. ಕಮಲಕ್ಕ ಬೈಯಲಿಲ್ಲ. ಕೂರಿಸಿ ಕಾಫಿ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಕಾದಳು.

"ಮುಯ್ಯಾಳು ಗೊತ್ತಲ್ಲ ಮೇಷ್ಟ್ರೇ? ಇವತ್ತು ನಿಮ್ಮ ಗದ್ದೆಗೆ ನಾವು ಬಂದ್ರೆ, ನಾಳೆ ನಮ್ಮ ಗದ್ದೆಗೆ ನೀವು. ನನ್ ಮಗಳ ಒಂದು ವರ್ಷ ನಿಮ್ಮತ್ರ ಹೋಗಿದೆ. ಅವಳು ಎನ್.ಆರ್.ಪುರಕ್ಕೆ ಹೋಗಿ ಕಲೀಲಿ. ಅವಳ ಬದ್ಲು ತೋಟಕ್ಕೆ ನೀವು ಬನ್ನಿ. ಕೂಲಿ ನಂಗೆ."

ಸತೀಶನ ಅಪ್ಪ ಅಮ್ಮನೂ ತೋಟದ ಆಳುಗಳೇ. ಬುಟ್ಟಿಯಿಂದ ತಪ್ಪಿಸಿಕೊಳ್ಳಲೆಂದೇ ಅವನು ಕೀಬೋರ್ಡು ಹಿಡಿದಿದ್ದ. ಬೇಡ ಅನ್ನು ಎಂಬಂತೆ ಚೇತನಾಳನ್ನು ನೋಡಿದ.

ಅವಳಿಗೆ ಬೇಡ ಅನ್ನಿಸಿತು. ಅನ್ನಲಿಲ್ಲ.

ಎನ್.ಆರ್.ಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅವಳು ಜಾವಾ ಕಲಿತಳು. ಇತ್ತ ಸತೀಶ ಸೆಂಟರು ಬಿಟ್ಟು ಮಳೆಗಾಲಪೂರ್ತಿ ತೋಟದ ಕಳೆ ಕಿತ್ತ. ಬೆನ್ನು ನೆಟ್ಟಗೆ ಮಾಡಲು ನಿಂತರೆ ಸಾಕು, ಕಂಪ್ಯೂಟರು ಹ್ಯಾಂಗ್ ಆಯ್ತಾ ಎಂದು ಹೆಂಗಸರು ಕೂಗುತ್ತಿದ್ದರು. ಹಬ್ಬಕ್ಕೆ ಊರಿಗೆ ಬಂದ ಚೇತನಾಳೂ ಅದನ್ನು ಕೇಳಿ ಎಲ್ಲರ ಜೊತೆ ನಕ್ಕಳು, ಅವನಿಗೆ ಕಾಣುವ ಹಾಗೆ. ಹಬ್ಬದ ದಿನ ಎಲೆಯ ಮೇಲಿನ ಹೋಳಿಗೆ ಮುಟ್ಟದೆ ಎದ್ದಳು.

ಕಾಫಿ ಕೊಯ್ಲಿನ ನಡುವೆ ಒಂದು ದಿನ ಅವಳು ಸೀದಾ ತೋಟಕ್ಕೆ ಬಂದಳು. ಸತೀಶ ಗಿಡದೊಳಗೆ ಮುಖ ಹುದುಗಿಸಿ ಹಣ್ಣು ಕೀಳುತ್ತಿದ್ದ. ಮೊಣಕೈವರೆಗೂ ಚಗಳಿ ಇರುವೆ ಕಚ್ಚಿದ ಕೆಂಪು ಗುರುತು.

"ಕೆಲ್ಸ ಸಿಕ್ತು ಸಾರ್. ಶಿವಮೊಗ್ಗದಲ್ಲಿ. ಸೋಮವಾರ ಹೋಗ್ತೀನಿ."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. "ಅಲ್ಲಿ ಜಾವಾ ಬರೋ ಹುಡುಗ್ರು ಇರ್ತಾರೆ."

"ಇರ್ತಾರೆ. ನಿಮಗಿಂತ ಚೆಂದ ಇರೋರೂ ಇರ್ತಾರೆ."

ಸತೀಶ ತಲೆ ತಗ್ಗಿಸಿದ. ಅವಳು ಅವನನ್ನು ಒಂದಷ್ಟು ಹೊತ್ತು ಹಾಗೇ ಬಿಟ್ಟಳು. ಆಮೇಲೆ ಅವನ ಕೈ ಹಿಡಿದು, ತೋಳಿನ ಮೇಲೆ ಹರಿಯುತ್ತಿದ್ದ ಇರುವೆಯೊಂದನ್ನು ಕೊಡವಿದಳು.

"ಆದ್ರೆ ನನ್ನ ಬದ್ಲು ಚಗಳಿ ಕೈಲಿ ಕಚ್ಚಿಸ್ಕೊಂಡೋರು ಅಲ್ಲಿ ಯಾರಿದ್ದಾರೆ?"

ಸತೀಶ ತಲೆ ಎತ್ತಿದ. "ಹಂಗಾದ್ರೆ... ನನ್ನ ಮದ್ವೆ ಆಗ್ತೀಯಾ ಚೇತನಾ?"

"ಆಗ್ತೀನಿ." ಕಣ್ಣು ತುಂಬಿದ್ದು ಕಾಣಬಾರದೆಂದು ಅವಳು ಗಿಡದ ಆಚೆ ಬದಿಗೆ ಸರಿದು ರೆಂಬೆ ಬಗ್ಗಿಸಿದಳು. "ಆದ್ರೆ ವರ್ಷ ಇನ್ನೂ ತುಂಬ್ಲಿಲ್ಲ ಸಾರ್. ಕೊಯ್ಲು ಮುಗಿಸಿ ಬನ್ನಿ."

"ಇನ್ನಾದ್ರೂ ಸಾರ್ ಅನ್ಬೇಡ ಮಾರಾಯ್ತಿ."

"ಅದೂ ಕೊಯ್ಲು ಮುಗಿದ್ಮೇಲೆ."