ಸಿಪ್ಪೆ ಸೌದೆಯ ಸಾಕ್ಷಿ

"ಅಮ್ಮಾ, ನಮ್ಮೋರ್ನ ಸಾಯಿಸ್ಬುಡ್ತಾರೆ! ಬೇಗ ಬನ್ನಿ!"

ಬೆಳಗಿನ ಏಳು ಗಂಟೆಗೆ ವನಜಾ ಮಧುಗಿರಿಯ ಶಾಂತಕುಮಾರಿಯವರ ಬಾಗಿಲಲ್ಲಿ ಕುಸಿದು ಕೂತಳು. ಶಾಂತಕುಮಾರಿ ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಸುತ್ತಲಿನ ಜನಕ್ಕೆ ಠಾಣೆಗಿಂತ ಅವರ ಜಗಲಿಯೇ ಹತ್ತಿರ. ಅವರನ್ನು ಕರೆದೊಯ್ಯುವ ಆಟೊ ಬೋರಣ್ಣ ಕಾಫಿ ಲೋಟ ಕೆಳಗಿಟ್ಟ. ಅಕ್ಕ ಚಪ್ಪಲಿ ಮೆಟ್ಟಿದರೆಂದರೆ ಅವತ್ತಿನ ಬಾಡಿಗೆ ಗೋವಿಂದ ಎಂದು ಅವನಿಗೆ ಗೊತ್ತು.

ದಾರಿಯಲ್ಲಿ ವನಜಾ ಅಳುತ್ತಲೇ ಹೇಳಿದಳು. ಪಾವಗಡ ರಸ್ತೆಯ ಬ್ರಿಕೆಟ್ ಫ್ಯಾಕ್ಟರಿಯ ಮಾಲೀಕ ಚಂದ್ರಶೇಖರ್ ಕೊಲೆಯಾಗಿದ್ದ. ಅಲ್ಲಿ ಕೂಲಿ ಮಾಡುವ ತನ್ನ ಗಂಡ ಶಿವರಾಜು ಕೊಂದನೆಂದು ಟ್ರಾಕ್ಟರಿನಲ್ಲಿ ಕಡಲೆಕಾಯಿ ಸಿಪ್ಪೆ ತಂದು ಹಾಕುವ ಪಾಲುದಾರ ಪಾಲಾಕ್ಷ ಹೇಳಿದ್ದ. ಮೊನ್ನೆ ಸಿಪ್ಪೆ ರಾಶಿಯ ಹತ್ತಿರ ಬೀಡಿ ಹಚ್ಚಿದ್ದಕ್ಕೆ ಮಾಲೀಕ ಶಿವರಾಜುವಿಗೆ ಎಲ್ಲರೆದುರು ಕಪಾಳಕ್ಕೆ ಬಾರಿಸಿದ್ದನಂತೆ.

"ನಮ್ಮೋರು ಬೆಳಗಾನ ಹೊಲದಲ್ಲಿ ಕುರಿ ಮಂದೆ ಕಾಯ್ತಿದ್ರು ಕಣಮ್ಮ. ಕುರಿ ಬಂದು ಸಾಕ್ಷಿ ಹೇಳ್ತವಾ?"

ಕೊಂದರೂ ಕೊಂದಿರಬಹುದು ಎಂದುಕೊಂಡ ಬೋರಣ್ಣ. ಎಲ್ಲರೆದುರು ತಿಂದ ಏಟು ಯಾರಿಗೆ ಮರೆತೀತು? ಆ ಫ್ಯಾಕ್ಟರಿ ಅವನಿಗೂ ಗೊತ್ತು. ಕಡಲೆಕಾಯಿ ಸಿಪ್ಪೆಯನ್ನು ಪುಡಿಮಾಡಿ, ಪ್ರೆಸ್ಸಿನಲ್ಲಿ ಒತ್ತಿ, ಬಾಯ್ಲರಿಗೆ ಉರಿಸುವ ಬ್ರಿಕೆಟ್ ಎಂಬ ಸೌದೆ ಮಾಡುತ್ತಿದ್ದರು. ಹಂಡೆ ಒಲೆಗಾಗಲಿ ಎಂದು ಅವನೂ ಒಂದು ಚೀಲ ತಂದಿದ್ದ. ಒಂದೇ ಮಳೆಗೆ ಅಷ್ಟೂ ಅಂಬಲಿಯಾಗಿ ಹೆಂಡತಿಯಿಂದ ಉಗಿಸಿಕೊಂಡಿದ್ದ.

ಫ್ಯಾಕ್ಟರಿಯಲ್ಲಿ ಶಿವರಾಜುವನ್ನು ಹೊಲದಿಂದ ಎಳೆತಂದು ಕಬ್ಬಿಣದ ಕಂಬಕ್ಕೆ ಕಟ್ಟಿದ್ದರು. ಒಂದು ಕಣ್ಣು ಬಾತು ಮುಚ್ಚಿತ್ತು. ಒಡೆದ ಹಲ್ಲಿನಿಂದ ರಕ್ತ ಎದೆಗೆ ಇಳಿದಿತ್ತು. "ನೀರು... ನೀರು..." ಎನ್ನುತ್ತಿದ್ದ. ಲೋಡಿಂಗ್ ಕೆಲಸದ ರಾಮಾಂಜನೇಯ ಮೆಷಿನ್ ಬೆಲ್ಟಿನಿಂದ ಬಾರಿಸಿದಾಗ ಚರ್ಮ ಎದ್ದು ಬಂತು. ಶಾಂತಕುಮಾರಿ ನುಗ್ಗಿ ಆ ಬೆಲ್ಟು ಕಿತ್ತುಕೊಂಡರು.

"ಇನ್ನೊಂದು ಏಟು ಬಿತ್ತೋ, ನೀನೂ ಕೊಲೆಗಾರನೇ ಕಣ್ಲಾ! ಠಾಣೆಗೆ ಫೋನ್ ಮಾಡಿದ್ದೀನಿ. ಪೊಲೀಸ್ ಜೀಪು ಬರೋವರ್ಗೂ ಯಾರೂ ಮುಟ್ಟಂಗಿಲ್ಲ."

ತಲೆಯಿಂದ ಕಾಲಿನವರೆಗೆ ತೊಯ್ದಿದ್ದ, ತೋಳು ಮಡಿಚಿದ ಅಂಗಿಯ ಪಾಲಾಕ್ಷ ಮುಂದೆ ಬಂದ. "ಐದು ಗಂಟೆಗೆ ಬಂದೆ ಅಮ್ಮಾ. ಇವ್ನು ಚಂದ್ರಣ್ಣಂಗೆ ರಾಡಲ್ಲಿ ಹೊಡೀತಿದ್ದ. ನನ್ನ ಕಂಡಿದ್ದೇ ಬ್ರಿಕೆಟ್ ರಾಶಿಗೆ ಬೆಂಕಿ ಇಕ್ಬುಟ್ಟು ಓಡ್ದ. ಎರಡು ಡ್ರಮ್ ನೀರು ರಾಶಿ ಮೇಲೆ ಸುರಿದು ಆರಿಸ್ದೆ. ತಿರುಗಿ ನೋಡೋ ಅಷ್ಟ್ರಲ್ಲಿ ಚಂದ್ರಣ್ಣನ ಉಸಿರು ಹೋಗಿತ್ತು."

ಶವ ಪ್ರೆಸ್ಸಿನ ಹಿಂದೆ ಬಿದ್ದಿತ್ತು. ತಲೆ ಹಿಂದಿನಿಂದ ಬಿರಿದು, ರಕ್ತ ಗೋಡೆಗೆ ಎದೆಯೆತ್ತರಕ್ಕೆ ಚಿಮ್ಮಿತ್ತು. ಪಕ್ಕದಲ್ಲೇ ಬ್ರಿಕೆಟ್ ರಾಶಿ, ಕೆಳಗಿನ ಸಾಲು ಕರಿಯಾಗಿತ್ತು. ಶಾಂತಕುಮಾರಿ ಮೇಲಿಂದೊಂದು, ಕೆಳಗಿಂದೊಂದು ಬ್ರಿಕೆಟ್ ಎತ್ತಿ ಒಂದಕ್ಕೊಂದು ಕುಟ್ಟಿದರು. ಎರಡೂ ಗಟ್ಟಿಯಾಗಿದ್ದವು.

"ಎಲ್ಲರೂ ಇಲ್ಲಿ ಬನ್ನಿ. ಬೋರಣ್ಣ, ಒಂದು ಬಕೆಟ್ ನೀರು ತಾ."

ಜನ ಗುಂಪುಗೂಡಿದರು. ಶಾಂತಕುಮಾರಿ ಒಂದು ಬ್ರಿಕೆಟ್ಟನ್ನು ನೀರಿಗೆ ಹಾಕಿದರು. ಅದು ನೋಡುನೋಡುತ್ತಲೇ ಉಬ್ಬಿ, ಬಿರಿದು, ಹೊಟ್ಟಾಗಿ ತೇಲಿತು. ಆಗ ಬೋರಣ್ಣನಿಗೆ ಮಳೆಗೆ ಅಂಬಲಿಯಾದ ತನ್ನ ಚೀಲ ನೆನಪಾಯಿತು.

"ಎರಡು ಡ್ರಮ್ ನೀರು ಬಿದ್ದ ರಾಶಿ ಅದು ಅಂತಾನೆ ಪಾಲಾಕ್ಷ. ಒಂದಾದ್ರೂ ಕರಗಿದೆಯಾ?"

"ಬೆಂಕಿ ಕಾವಿಗೆ ಒಣಗಿರ್ಬೇಕು," ಎಂದ ಪಾಲಾಕ್ಷ.

ಪ್ರೆಸ್ಸು ನಡೆಸುವ ಚಿಕ್ಕಕ್ಕ ತಲೆಯಾಡಿಸಿದಳು. "ಒಣಗಿದ್ರೂ ಪುಡಿಯಾಗೇ ಇರ್ತದೆ ಕಣಪ್ಪ. ಒಂದ್ಸಲ ನೀರು ಕುಡೀತಾ, ಮುಗೀತು."

"ನೀನು ಟ್ರಾಕ್ಟರಲ್ಲಿ ಸಿಪ್ಪೆ ತರೋನು. ಸೌದೆ ಮಾಡೋರ ಕಷ್ಟ ನಿನಗೆ ಹೆಂಗೆ ಗೊತ್ತಾಗ್ಬೇಕು?" ಎಂದರು ಶಾಂತಕುಮಾರಿ. "ಬೀಡಿ ಸೇದೋನ ಮೇಲೆ ಹಾಕೋಕೆ ನೀನೇ ಒಂದಿಷ್ಟು ಬೆಂಕಿ ಹಚ್ಚಿ, ಚೀಲದಲ್ಲಿ ಬಡಿದು ಆರಿಸ್ದೆ. ನೀರು ಬಿದ್ದಿದ್ದು ರಾಶಿ ಮೇಲಲ್ಲ, ನಿನ್ನ ಮೈಮೇಲೆ. ಗೋಡೆಗೆ ಅಷ್ಟು ರಕ್ತ ಚಿಮ್ಮಿದ್ರೆ ಹೊಡೆದೋನಿಗೆ ಚಿಮ್ಮಲ್ವಾ? ಶಿವರಾಜು ಮೈಮೇಲಿರೋದು ಅವನ ಬಾಯಿಂದ ಇಳಿದ ರಕ್ತ. ನೀನು ಅಂಗಿ ಬಿಚ್ಚದೇ ತೊಳ್ಕೊಂಡಿದ್ದೀಯ. ಎಲ್ಲಿ, ತೋಳಿನ ಮಡಿಕೆ ಬಿಚ್ಚು."

ಪಾಲಾಕ್ಷ ಕದಲಲಿಲ್ಲ. ಬೋರಣ್ಣನೇ ಹೋಗಿ ಮಡಿಕೆ ಎಳೆದ. ಒಳಪದರದಲ್ಲಿ ರಕ್ತ ಕಂದಾಗಿ ಹೆಪ್ಪುಗಟ್ಟಿ, ಅದರಲ್ಲಿ ಸಿಪ್ಪೆಯ ಚೂರು ಅಂಟಿತ್ತು.

"ಸಿಪ್ಪೆಗೆ ಮಣ್ಣು ಬೆರೆಸ್ದೆ ಅಂತ ನನ್ನೇ ಆಚೆ ಹಾಕ್ತೀನಿ ಅಂದ! ನಾ ದುಡ್ಡು ಸುರಿದ ಫ್ಯಾಕ್ಟರಿಯಿಂದ!" ಪಾಲಾಕ್ಷ ಅರಚುತ್ತಾ ಅಲ್ಲಿದ್ದ ಸಲಿಕೆ ಎತ್ತಿ ಶಾಂತಕುಮಾರಿಯವರ ತಲೆಗೆ ಬೀಸಿದ. ಬೋರಣ್ಣ ಅಡ್ಡ ನುಗ್ಗಿದ. ಅವನ ಮೊಣಕೈ ಕೆಳಗೆ ಮೂಳೆ ಲಟಕ್ಕೆಂದಿತು.

ಜನ ಈಗ ಪಾಲಾಕ್ಷನ ಮೇಲೆ ಬಿದ್ದರು. ಒದೆತಕ್ಕೆ ಅವನ ಮೂಗು ಒಡೆಯಿತು. ಶಾಂತಕುಮಾರಿ ಅವನಿಗೂ ಅಡ್ಡ ನಿಂತರು. "ಸಾಕು! ಇವತ್ತು ಒಂದ್ಸಲ ತಪ್ಪು ಮಾಡಿದ್ದು ಸಾಲ್ದಾ?"

ಕಟ್ಟು ಬಿಚ್ಚಿದಾಗ ಶಿವರಾಜು ಹೆಂಡತಿಯ ಮಡಿಲಿಗೆ ಕುಸಿದ. ರಾಮಾಂಜನೇಯ ತಲೆ ತಗ್ಗಿಸಿಕೊಂಡು ಚೊಂಬಿನಲ್ಲಿ ನೀರು ತಂದ. ವನಜಾ ಆ ಚೊಂಬನ್ನು ಹೊಡೆದುರುಳಿಸಿದಳು.

"ಬೆಳಗ್ಗಿಂದ ನೀರು ನೀರು ಅಂತಿದ್ರಲ್ಲೋ ನಮ್ಮೋರು. ಆವಾಗ ಎಲ್ಲಿತ್ತೋ ನಿನ್ ಚೊಂಬು?"

ಬೋರಣ್ಣನಿಗೆ ಮುರಿದ ಕೈಗಿಂತ, ಕೊಂದಿರಬಹುದು ಎಂದು ಆಟೊದಲ್ಲಿ ತಾನು ಅಂದುಕೊಂಡ ಮಾತೇ ಹೆಚ್ಚು ನೋಯುತ್ತಿತ್ತು. ಅವನು ಆಟೊ ಹತ್ತಿರ ಹೋಗಿ, ಇನ್ನೊಂದು ಕೈಯಲ್ಲಿ ತನ್ನ ನೀರಿನ ಬಾಟಲಿ ತಂದು, ವನಜಾಳ ಮುಂದೆ ಚಾಚಿ ನಿಂತ. ಅವಳು ಅವನ ಮುಖ ನೋಡಿ ಬಾಟಲಿ ತೆಗೆದುಕೊಂಡಳು.